ಆಕಾಶದ ಹಾದಿಗಳೂ ಅವುಗಳ ಕಟ್ಟಳೆಗಳೂ

ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ ತಿಂಗಳ 10ನೆಯ ತಾರೀಖಿನಲ್ಲಿ, ಮೈಸೂರಿನ ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರವನ್ನು ಪ್ರಾರಂಭಿಸಿದರೆಂಬುದು ಈ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಅವರ ಪ್ರಸಾರಯಂತ್ರದ ಶಕ್ತಿ 30 ವ್ಯಾಟುಗಳು ಮಾತ್ರ; ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಸಾಧಾರಣ ಬಲ್ಬಿನಷ್ಟೂ ಅಲ್ಲ. ಆ ಪುಟ್ಟ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಐವತ್ತರ ದಶಕದಲ್ಲಿ ಇಡೀ ದೇಶದ ಬಾನುಲಿಗೆ ಹೆಸರಾಯಿತು. ನಿಲಯವು ಕೆಲವು ವರ್ಷಗಳ ತರುವಾಯ ಸಂಸ್ಥಾನದ ಸರ್ಕಾರದ ಕೈಗೆ ಬಂದು, 1950ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿತು; 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ದೊರೆತದ್ದು 1974ರಲ್ಲಿ.

ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಒಬ್ಬ ಗೃಹಸ್ಥನು ತನ್ನ ಮನೆಯಲ್ಲಿ ಕುಳಿತು ಊರಿಗೆಲ್ಲಾ ಕೇಳುವಂತೆ ಮಾತನಾಡಬೇಕಾದರೆ ಯಾರ ಅಪ್ಪಣೆ ಬೇಕು, ಆ ಅಪ್ಪಣೆಯಾದರೂ ಏತಕ್ಕೆ ಬೇಕು, ಎಂದು ವಿಚಾರಿಸುವವರು ವಿರಳ. ಈಗ ಪ್ರತಿಯೊಬ್ಬ ಬಾಲಕಿಯ ಕೈಯಲ್ಲಿಯೂ ಒಂದು ಪ್ರಸಾರಯಂತ್ರವಿದೆ. ನಾವು ಅದನ್ನು ಮೊಬೈಲು ಎನ್ನುತ್ತೇವೆ. ಆದುದರಿಂದ ಈ ವಿಚಾರವು ಪಂಡಿತರಿಗೆ ಮಾತ್ರ ಸೇರಿದ್ದಲ್ಲವೆಂದು ನಾವು ತಿಳಿಯುತ್ತೇವೆ.

ಶಾಲೆಯ ಸಭಾಮಂದಿರದಲ್ಲಿ ಎರಡು ತರಗತಿಗಳು ಏಕಕಾಲದಲ್ಲಿ ಬೇರೆಬೇರೆ ಹಾಡುಗಳನ್ನು ಹಾಡಿದರೆ ಏನಾಗುವುದೆಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೆ ವಿವರಿಸಬೇಕಾಗಿಲ್ಲ. ಮಂದಿರವು ಸವೆಯುವುದಿಲ್ಲ, ಗಾಳಿಯು ಖರ್ಚಾಗುವುದಿಲ್ಲ. ಆದರೂ ಎರಡು ಹಾಡುಗಳೂ ಕೆಡುತ್ತವೆ. ನಿಸ್ತಂತು ತರಂಗಗಳ ಸ್ಥಿತಿಯೂ ಇಂಥಾದ್ದೇ. ಅವು ಬೆಳಕಿನ ಜಾತಿಗೆ ಸೇರಿ, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ವೇಗದಿಂದ ಹೋಗುತ್ತವೆ. ಒಂದು ತರಂಗವನ್ನು ಇನ್ನೊಂದರಿಂದ ಬೇರ್ಪಡಿಸುವ ಮುಖ್ಯ ಗುರುತು ಯಾವುದೆಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆಂಬುದು. ಇದಕ್ಕೆ ಕಂಪನಾಂಕವೆಂದು ಹೆಸರು. ಮೈಸೂರು ಆಕಾಶವಾಣಿಯ ಎಫ್.ಎಂ. ಪ್ರಸಾರದ ಸಂಖ್ಯೆ 100.6 ಎಂದರೆ, ಸೆಕೆಂಡಿಗೆ 10 ಕೋಟಿ 6 ಲಕ್ಷ ಕಂಪನಗಳು. ಆ ಅಲೆಯ ಉದ್ದ ಸುಮಾರು ಮೂರು ಮೀಟರು. ಬೆಂಗಳೂರು ನಿಲಯದ ಮಧ್ಯಮ ತರಂಗದ ಸಂಖ್ಯೆಯಾದ 612 ಎಂದರೆ 6 ಲಕ್ಷ 12 ಸಾವಿರ ಕಂಪನಗಳು. ಅಲೆಯ ಉದ್ದವು ಅರ್ಧ ಕಿಲೋಮೀಟರಿಗೆ ಸಮೀಪ.

ಇಲ್ಲಿ ಒಂದು ಸ್ವಾರಸ್ಯವುಂಟು. ಬೆಂಗಳೂರಿಗೆ 612, ಭದ್ರಾವತಿಗೆ 675, ಧಾರವಾಡಕ್ಕೆ 765 ಎಂದು ನಮ್ಮ ಹಿರಿಯರು ಬಾಯಿಪಾಠ ಮಾಡಿದ್ದ ಸಂಖ್ಯೆಗಳನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ 68, 75, 85 ಬರುತ್ತವೆ. ಇದು ಆಕಸ್ಮಿಕವಲ್ಲ. ಮಧ್ಯಮ ತರಂಗಗಳು ರಾತ್ರಿ ವೇಳೆಯಲ್ಲಿ ವಾಯುಮಂಡಲದ ಮೇಲ್ಪದರದಿಂದ ಹಿಂದಿರುಗಿ ನೂರಾರು ಗಾವುದ ದೂರದಲ್ಲಿ ಬೀಳುತ್ತವೆ. ಒಂದು ದೇಶದ ಮಾತು ಇನ್ನೊಂದು ದೇಶದ ಹಾಡನ್ನು ಕೆಡಿಸುತ್ತದೆ. ಆದುದರಿಂದ 1975ರಲ್ಲಿ ಜಿನೀವಾ ನಗರದಲ್ಲಿ ರಾಷ್ಟ್ರಗಳು ಕೂಡಿ, ಏಷ್ಯಾ, ಯೂರೋಪು, ಆಫ್ರಿಕಾ ಖಂಡಗಳ ನಿಲಯಗಳಿಗೆಲ್ಲಾ ಒಂಬತ್ತೊಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಸ್ಥಾನಗಳನ್ನು ಹಂಚಿದವು; 1978ರಿಂದ ಆ ಹಂಚಿಕೆ ಆಚರಣೆಗೆ ಬಂತು. ಅಮೆರಿಕ ಖಂಡದವರು ಹತ್ತರ ಅಂತರವನ್ನೇ ಉಳಿಸಿಕೊಂಡರು. ಇಂಥ ಒಪ್ಪಂದಗಳಿಗೆ ಮೊದಲು 1906ರ ಬರ್ಲಿನ್ ಸಭೆ. 1912ರಲ್ಲಿ ಟೈಟಾನಿಕ್ ಹಡಗು ಮುಳುಗುವಾಗ ಸಮೀಪದಲ್ಲಿದ್ದ ಇನ್ನೊಂದು ಹಡಗಿನ ನಿಸ್ತಂತುಗಾರನು ಯಂತ್ರವನ್ನು ನಿಲ್ಲಿಸಿ ಮಲಗಿದ್ದನು. ಆ ದುಃಖದ ತರುವಾಯ ಕಟ್ಟಳೆಗಳು ಬಿಗಿಯಾದವು.

ಮಾತನಾಡುವವರಿಗಷ್ಟೇ ಅಲ್ಲ, ಕೇಳುವವರಿಗೂ ಆಕಾಶದಲ್ಲಿ ಸ್ಥಳ ಬೇಕು. ಗೌರಿಬಿದನೂರಿನ ಸಮೀಪದಲ್ಲಿ 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ನಕ್ಷತ್ರಲೋಕದ ಸದ್ದನ್ನು ಆಲಿಸಲು ಕಟ್ಟಿದ ದೂರದರ್ಶಕ ಯಂತ್ರಕ್ಕೆ ನಗರಗಳ ವಿದ್ಯುತ್ ಗದ್ದಲವೇ ವೈರಿ. ಅದರ ಬಳಿ ಹಾಡಲು ಬರುವವನು ಸುಸ್ವರವಾಗಿ ಹಾಡಿದರೂ ಅಪರಾಧಿಯೇ.

ನಮ್ಮ ದೇಶದ ಶಾಸನಕ್ಕೆ ಬರೋಣ. 1885ರ ತಂತಿ ಕಾಯಿದೆಯೂ 1933ರ ನಿಸ್ತಂತು ಕಾಯಿದೆಯೂ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದವು. ಎರಡನೆಯದರ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳುವುದೇ ತಪ್ಪು. ಕೇಳುವ ಪೆಟ್ಟಿಗೆಗೂ ಇದೇ ನಿಯಮ. ಅಂಚೆ ಕಛೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಪುಸ್ತಕದಲ್ಲಿ ಮೊಹರು ಹಾಕಿಸಿಕೊಂಡು ಬರುತ್ತಿದ್ದುದು ಅಜ್ಜಿ ತಾತಂದಿರಿಗೆ ನೆನಪಿರಬಹುದು; 1980ರ ದಶಕದಲ್ಲಿ ಆ ಪದ್ಧತಿ ನಿಂತಿತು. ಗೋಪಾಲಸ್ವಾಮಿಯವರ ಮೈಸೂರು ಒಡೆಯರ ಸಂಸ್ಥಾನವಾಗಿದ್ದಿತು; ಅಲ್ಲಿ ಒಬ್ಬ ಪ್ರಾಧ್ಯಾಪಕರ ಉತ್ಸಾಹಕ್ಕೆ ಎಡೆ ದೊರೆಯಿತು. ಸ್ವತಂತ್ರ ಭಾರತದಲ್ಲಿ ಬಹುಕಾಲ ಬಾನುಲಿ ಪ್ರಸಾರವೆಂಬುದು ಸರ್ಕಾರದ ಏಕಸ್ವಾಮ್ಯವಾಗಿಯೇ ಉಳಿಯಿತು.

ಗದ್ದಲವನ್ನು ತಡೆಯುವುದಕ್ಕೆ ಕಟ್ಟಳೆ ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗದ್ದಲವನ್ನು ತಡೆಯುವ ನೆಪದಲ್ಲಿ ಸಣ್ಣವರ ಬಾಯಿಯನ್ನೂ ಕಟ್ಟಬಹುದಷ್ಟೆ. ಇದಕ್ಕೆ ದೃಷ್ಟಾಂತವು ನಮ್ಮ ನಾಡಿನಲ್ಲಿಯೇ ಇದೆ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಾಳಿಯಲ್ಲಿನ ತರಂಗಗಳು ಸಾರ್ವಜನಿಕರ ಸ್ವತ್ತು, ಸಾರ್ವಜನಿಕ ಹಿತಕ್ಕಾಗಿಯೇ ಅವುಗಳ ನಿಯಂತ್ರಣ ನಡೆಯತಕ್ಕದ್ದು ಎಂದು ತೀರ್ಪಿತ್ತಿತು. ಆದರೂ ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು 2003ರಲ್ಲಿ 'ನಮ್ಮ ಧ್ವನಿ'ಯನ್ನು ಆರಂಭಿಸಿದಾಗ ಅವರಿಗೆ ಗಾಳಿಯ ಹಾದಿ ಸಿಕ್ಕಲಿಲ್ಲ. ಹಳ್ಳಿಯ ಸಮುದಾಯಕ್ಕೆ ಪ್ರಸಾರದ ಪರವಾನಗಿ ಕೊಡುವ ನಿಯಮವೇ ಆಗ ಇರಲಿಲ್ಲ. ತಾವೇ ಸಿದ್ಧಪಡಿಸಿದ ಕಾರ್ಯಕ್ರಮಗಳನ್ನು ಅವರು ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. ನಿಸ್ತಂತು ಯುಗದಲ್ಲಿ ತಂತಿ ಎಳೆದು ಬಾನುಲಿ ನಡೆಸಿದ ಈ ಸಾಹಸವನ್ನು ನಾವು ಗೋಪಾಲಸ್ವಾಮಿಯವರ ಸಾಹಸಕ್ಕಿಂತ ಕಡಮೆಯೆಂದು ಎಣಿಸಲಾರೆವು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು.

ಅಪ್ಪಣೆಯನ್ನು ಕೊಟ್ಟದ್ದರಿಂದ ಆದ ಲಾಭಕ್ಕೂ ಒಂದು ಉದಾಹರಣೆಯನ್ನು ಹೇಳಬೇಕು. ಅಂಡಮಾನ್ ದ್ವೀಪಗಳಲ್ಲಿ ಹವ್ಯಾಸಿ ನಿಸ್ತಂತುಗಾರರಿಗೆ ಬಹುಕಾಲ ಪ್ರವೇಶವಿರಲಿಲ್ಲ. ಶ್ರೀಮತಿ ಭಾರತಿ ಪ್ರಸಾದರು ಬಹಳ ಪ್ರಯತ್ನದಿಂದ ಸರ್ಕಾರದ ಅನುಮತಿ ಪಡೆದು, ತಮ್ಮ ತಂಡದೊಡನೆ 2004ರ ಡಿಸೆಂಬರಿನಲ್ಲಿ ಪೋರ್ಟ್ ಬ್ಲೇರಿನಲ್ಲಿ ಯಂತ್ರವನ್ನು ಸ್ಥಾಪಿಸಿ ಲೋಕದ ಹವ್ಯಾಸಿಗಳೊಡನೆ ಸಂಭಾಷಿಸುತ್ತಿದ್ದರು. ಆ ತಿಂಗಳ 26ರಂದು ಸುನಾಮಿ ಬಂತು. ದೂರವಾಣಿಗಳು ಮೌನವಾದವು. ಆಟಕ್ಕೆಂದು ಒಯ್ದ ಯಂತ್ರದಿಂದಲೇ ಆ ಮಹಿಳೆಯು ದ್ವೀಪದವರ ಸುದ್ದಿಯನ್ನು ಮುಖ್ಯಭೂಮಿಗೆ ಕಳುಹಿಸಿ, ಕಂಗೆಟ್ಟ ಬಂಧುಗಳಿಗೆ ತಮ್ಮವರ ಯೋಗಕ್ಷೇಮವು ತಿಳಿಯುವಂತೆ ಮಾಡಿದರು. ಈ ಹವ್ಯಾಸಕ್ಕೆ ಪರೀಕ್ಷೆಯುಂಟು. ವಿದ್ಯುತ್ತಿನ ಮೂಲತತ್ವಗಳನ್ನೂ ಕಟ್ಟಳೆಗಳನ್ನೂ ಅದರಲ್ಲಿ ಕೇಳುತ್ತಾರೆ. ಹನ್ನೆರಡು ವರ್ಷ ತುಂಬಿದ ಹುಡುಗಿಯೂ ಕುಳಿತುಕೊಳ್ಳಬಹುದು. ಉತ್ತೀರ್ಣಳಾಗಿ ಪರವಾನಗಿ ಪಡೆದವಳಿಗೆ 'ವಿ.ಯು.' ಅಕ್ಷರಗಳಿಂದ ಆರಂಭವಾಗುವ, ಲೋಕದಲ್ಲಿ ಮತ್ತೊಬ್ಬರಿಗಿಲ್ಲದ ಒಂದು ಕರೆಯ ಹೆಸರು ಸಿಕ್ಕುತ್ತದೆ.

ಮೊಬೈಲು ಕಂಪೆನಿಗಳ ವಿಚಾರದಲ್ಲಿ ಬೇಡಿಕೆ ದೊಡ್ಡದು, ಹಾದಿಗಳು ಕೆಲವೇ. ಪತ್ರಿಕೆಗಳು 'ತರಂಗಾಂತರ'ವೆಂದು ಬರೆಯುವುದು ಈ ಹಾದಿಗಳನ್ನೇ. 2008ರಲ್ಲಿ ಹಂಚಲ್ಪಟ್ಟ 122 ಪರವಾನಗಿಗಳನ್ನು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರದ್ದುಮಾಡಿತು. 2023ರ ದೂರಸಂಪರ್ಕ ಕಾಯಿದೆಯು ಹರಾಜನ್ನೇ ಸಾಮಾನ್ಯ ಕ್ರಮವನ್ನಾಗಿ ಮಾಡಿ, ದೇಶರಕ್ಷಣೆ, ವಿಪತ್ತು ನಿರ್ವಹಣೆ, ಸಾರ್ವಜನಿಕ ಪ್ರಸಾರ ಮುಂತಾದವುಗಳನ್ನು ಅದರಿಂದ ಹೊರಗಿಟ್ಟಿದೆ.

ಹರಾಜಿಲ್ಲದ, ಪರವಾನಗಿಯೂ ಬೇಡದ ಒಂದು ಬಯಲು ಕೂಡ ಉಂಟು, 2005ರಿಂದ 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಅಲ್ಪಶಕ್ತಿಯ ಯಂತ್ರಗಳಿಗೆ ಹಾಗೆ ಬಿಟ್ಟಿದ್ದಾರೆ. ಮನೆಯ ವೈ-ಫೈ ಅಲ್ಲಿಯೇ ಓಡಾಡುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಹೆಚ್ಚುಕಡಮೆ ಅದೇ ಕಂಪನಾಂಕದಲ್ಲಿ ಅನ್ನವನ್ನು ಬಿಸಿಮಾಡುತ್ತದೆ. ಒಲೆ ಉರಿಯುವಾಗ ಮಗಳ ಆನ್‌ಲೈನ್ ಪಾಠ ತಡವರಿಸಿದರೆ ಯಾರ ಮೇಲೂ ಕೋಪಿಸಬೇಕಾಗಿಲ್ಲ. ಒಲೆಯನ್ನು ದೂರವಿಡುವುದು ಅಥವಾ ವೈ-ಫೈ ಪೆಟ್ಟಿಗೆಯನ್ನು 5 ಗಿಗಾಹರ್ಟ್ಸಿಗೆ ಹೊಂದಿಸುವುದು ಸಾಕು.

ಆದರೆ ಪೋಷಕರು ಎಚ್ಚರವಹಿಸಬೇಕಾದ ಇನ್ನೊಂದು ಯಂತ್ರವಿದೆ. ಒಳಕೋಣೆಯಲ್ಲಿ ಮೊಬೈಲು ಸರಿಯಾಗಿ ಕೇಳಿಸದಿದ್ದರೆ, 'ಬೂಸ್ಟರ್' ಎಂಬುದನ್ನು ತಂದು ಮಾಳಿಗೆಯ ಮೇಲೆ ಕಟ್ಟಿಸಿರೆಂದು ಸಲಹೆ ಮಾಡುವವರುಂಟು. ಗೋಪುರವು ಮೊಬೈಲುಗಳ ಕ್ಷೀಣವಾದ ಧ್ವನಿಯನ್ನು ಕಿವಿಗೊಟ್ಟು ಆಲಿಸುತ್ತಿರುತ್ತದೆ. ಬೂಸ್ಟರು ನಮ್ಮ ಧ್ವನಿಯೊಡನೆ ಸದ್ದುಗದ್ದಲವನ್ನೂ ಹಿಗ್ಗಿಸಿ ಆ ಕಿವಿಯಲ್ಲಿ ಕೂಗುತ್ತದೆ. ಆಗ ನಮ್ಮ ಮಾತು ಸಾಗುತ್ತದೆ. ಬೀದಿಯಲ್ಲಿ ಉಳಿದವರ ಕರೆಗಳು ಕಡಿದುಹೋಗುತ್ತವೆ. ಆ ಬೀದಿಯಲ್ಲಿ ಆಂಬುಲೆನ್ಸನ್ನು ಕರೆಯುತ್ತಿರುವವರೂ ಇರಬಹುದು. ಅನುಮತಿಯಿಲ್ಲದೆ ಇದನ್ನು ಮಾರುವುದೂ ಕಟ್ಟಿಸುವುದೂ ಕಾನೂನಿಗೆ ವಿರುದ್ಧ. ಗೋಪುರದ ಸಾಮರ್ಥ್ಯವನ್ನು ಸರಿಪಡಿಸುವ ಹೊಣೆ ಮೊಬೈಲು ಕಂಪೆನಿಯದು. ದೂರನ್ನು ಅವರಿಗೇ ಬರೆದು, ಅದರ ಸಂಖ್ಯೆಯನ್ನು ಕೇಳಿ ಇಟ್ಟುಕೊಳ್ಳತಕ್ಕದ್ದು. ಅಷ್ಟರವರೆಗೆ, ಮನೆಯಲ್ಲಿ ವೈ-ಫೈ ಇದ್ದರೆ, ಅದರ ಮೂಲಕವೇ ಕರೆ ಮಾಡುವ ಏರ್ಪಾಡು ಈಗಿನ ಬಹುಪಾಲು ಮೊಬೈಲುಗಳಲ್ಲಿ ಉಂಟು.