ಕೃತಕ ಸೊಂಟದ ಕೀಲಿನಲ್ಲಿ ಮತ್ತೆ ನೋವೇ? ಸಡಿಲವೋ, ಸೋಂಕೋ ಎಂದು ಪತ್ತೆ ಹಚ್ಚುವುದು ಹೀಗೆ

ನಾಸಿಕ್/ಛತ್ರಪತಿ ಸಂಭಾಜಿನಗರ: ಸೊಂಟದ ಕೀಲು ಬದಲಿಸಿಕೊಂಡು ಒಂದೆರಡು ವರ್ಷ ಆರಾಮಾಗಿ ಓಡಾಡಿದವರಿಗೆ ಮತ್ತೆ ತೊಡೆಸಂದಿಯಲ್ಲಿ ನೋವು ಶುರುವಾದರೆ ವೈದ್ಯರ ಮುಂದೆ ಮುಖ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಒಳಗಿನ ಲೋಹದ ಕೀಲು ಮೂಳೆಯಿಂದ ಸಡಿಲವಾಗಿದೆಯೇ? ಅಥವಾ ಅದಕ್ಕೆ ಸೋಂಕು ತಗುಲಿದೆಯೇ? ನೋವು ಎರಡರಲ್ಲೂ ಒಂದೇ ರೀತಿ, ಎಕ್ಸ್-ರೇಯಲ್ಲೂ ಹಲವು ಬಾರಿ ಒಂದೇ ರೀತಿ ಕಾಣುತ್ತದೆ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ.

ಬರೀ ಸಡಿಲವಾಗಿದ್ದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಹಳೆಯದನ್ನು ತೆಗೆದು ಹೊಸದು ಕೂರಿಸಬಹುದು. ಸೋಂಕು ಇದ್ದರೆ ಹಲವು ಸಂದರ್ಭಗಳಲ್ಲಿ ಕೀಲನ್ನೇ ಹೊರತೆಗೆದು, ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು, ವಾರಗಟ್ಟಲೆ ಔಷಧ ಕೊಟ್ಟ ಬಳಿಕ ಎರಡನೇ ಶಸ್ತ್ರಚಿಕಿತ್ಸೆ ಮಾಡಬೇಕು. ಸೋಂಕನ್ನು ಸಡಿಲ ಎಂದು ತಪ್ಪಾಗಿ ತಿಳಿದರೆ ಹೊಸ ಕೀಲೂ ಅದೇ ಸೋಂಕಿನ ಪಾಲಾಗುತ್ತದೆ.

ಕೂದಲೆಳೆಯ ಲೆಕ್ಕ: ಸಿಮೆಂಟ್ ಇಲ್ಲದೆ ಕೂರಿಸುವ ಕೀಲಿನ ಒರಟು ಮೈಯೊಳಗೆ ಮೂಳೆ ಬೆಳೆದು ಹಿಡಿದುಕೊಳ್ಳಬೇಕು. ಆರಂಭದ ವಾರಗಳಲ್ಲಿ ಕೀಲು ಸುಮಾರು 40 ಮೈಕ್ರಾನ್‌ಗಿಂತ ಕಡಿಮೆ ಅಲುಗಾಡಿದರೆ ಮೂಳೆ ಅಂಟುತ್ತದೆ. 150 ಮೈಕ್ರಾನ್ ದಾಟಿದರೆ, ಅಂದರೆ ಎರಡು ತಲೆಗೂದಲಿನ ದಪ್ಪದಷ್ಟು ಅಲುಗಾಡಿದರೆ, ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ಸಾಮಾನ್ಯ ಎಕ್ಸ್-ರೇಗೆ ಈ ಅಲುಗಾಟ ಕಾಣಿಸದು.

ಇದನ್ನು ಅಳೆಯುವ ವಿಧಾನವನ್ನು 1970ರ ದಶಕದಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ ಗೋರಾನ್ ಸೆಲ್ವಿಕ್ ರೂಪಿಸಿದರು. ಮೂಳೆಯಲ್ಲಿ ಟ್ಯಾಂಟಲಮ್ ಲೋಹದ ಸುಮಾರು ಒಂದು ಮಿಲಿಮೀಟರ್‌ನ ಮಣಿಗಳನ್ನು ಇಟ್ಟು, ಎರಡು ಕೋನಗಳಿಂದ ಏಕಕಾಲಕ್ಕೆ ಎಕ್ಸ್-ರೇ ತೆಗೆದು, ಕೀಲು ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತಾರೆ. ಇದು ದಿನನಿತ್ಯದ ಪರೀಕ್ಷೆಯಲ್ಲ, ಹೊಸ ವಿನ್ಯಾಸದ ಕೀಲುಗಳ ಸಂಶೋಧನೆಗೆ ಬಳಸುವಂಥದ್ದು. ಇಂಥ ಎಚ್ಚರ ಏಕೆ ಬೇಕು ಎಂಬುದಕ್ಕೆ ಉದಾಹರಣೆ ದೂರವಿಲ್ಲ. 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾದ ಡೆಪ್ಯೂ ಎಎಸ್‌ಆರ್ ಕೀಲನ್ನು ಭಾರತದಲ್ಲೇ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅಳವಡಿಸಲಾಗಿತ್ತು.

ಸೋಂಕು ಅಡಗುವುದು ಎಲ್ಲಿ?: ಮೊದಲ ಬಾರಿಯ ಸೊಂಟದ ಕೀಲು ಬದಲಾವಣೆಯಲ್ಲಿ ಸೋಂಕಿನ ಪ್ರಮಾಣ ಸಾಮಾನ್ಯವಾಗಿ ಶೇ.1ರಿಂದ 2. ಬ್ಯಾಕ್ಟೀರಿಯಾಗಳು ಲೋಹದ ಮೇಲೆ ತೆಳುವಾದ ಲೋಳೆಪದರ ಕಟ್ಟಿಕೊಂಡು ಅದರಡಿ ಅವಿತಿರುತ್ತವೆ. ಜ್ವರ ಬಾರದೇ ಇರಬಹುದು, ರಕ್ತದ ಸಿಆರ್‌ಪಿ ವರದಿಯೂ ಸಹಜವಾಗಿಯೇ ಇರಬಹುದು.

ಇಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ನೆರವಿಗೆ ಬರುತ್ತದೆ. ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ದೇಹಕ್ಕೆ ಸೇರಿಸಿ, ಅದು ಎಲ್ಲಿ ಸೇರುತ್ತದೆ ಎಂದು ಗಾಮಾ ಕ್ಯಾಮೆರಾದಲ್ಲಿ ನೋಡುತ್ತಾರೆ. ಸಾಮಾನ್ಯ ಬೋನ್ ಸ್ಕ್ಯಾನ್ ಸಹಜವಾಗಿದ್ದರೆ ನೆಮ್ಮದಿ. ಆದರೆ ಶಸ್ತ್ರಚಿಕಿತ್ಸೆಯಾಗಿ ಒಂದೆರಡು ವರ್ಷ ಮೂಳೆ ಹೇಗೂ ಹೊಳೆಯುತ್ತಿರುತ್ತದೆ, ಹೊಳೆದ ಮಾತ್ರಕ್ಕೆ ಸೋಂಕು ಎನ್ನಲಾಗದು. ಹೀಗಾಗಿ ರೋಗಿಯದೇ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಟೆಕ್ನೀಷಿಯಂ ಅಂಟಿಸಿ, ಮತ್ತೆ ದೇಹಕ್ಕೆ ಬಿಡುತ್ತಾರೆ. ಕೆಲವು ಗಂಟೆಗಳ ಬಳಿಕ ಒಮ್ಮೆ, ಮರುದಿನ ಮತ್ತೊಮ್ಮೆ ತೆಗೆದ ಚಿತ್ರಗಳಲ್ಲಿ ಹೊಳಪು ಹೆಚ್ಚುತ್ತಾ ಹೋದರೆ ಸೋಂಕಿನ ಶಂಕೆ ಬಲವಾಗುತ್ತದೆ. ಇದಕ್ಕೆ ಶುದ್ಧ ಪ್ರಯೋಗಾಲಯ, ಪಳಗಿದ ಕೈ ಎರಡೂ ಬೇಕು. ಕ್ಷಯದಂಥ ಸೋಂಕು ಇದರ ಕಣ್ಣು ತಪ್ಪಿಸುವ ಸಾಧ್ಯತೆಯೂ ಇದೆ, ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು ದಾರಿಯಲ್ಲಿ ಮುಂಬೈನ ಭಾಭಾ ಅಣುಸಂಶೋಧನಾ ಕೇಂದ್ರ ಕೆಲಸ ಮಾಡಿದೆ. ಯೂಬಿಕ್ವಿಸಿಡಿನ್ ಎಂಬ ಪ್ರೋಟೀನಿನ ತುಣುಕು ಬ್ಯಾಕ್ಟೀರಿಯಾದ ಹೊರಪೊರೆಗೇ ಅಂಟಿಕೊಳ್ಳುತ್ತದೆ. ಅದನ್ನು ಟೆಕ್ನೀಷಿಯಂ ಜತೆ ಬೆರೆಸುವ ಒಣಪುಡಿಯ ಕಿಟ್ ಅನ್ನು ಕೇಂದ್ರ ರೂಪಿಸಿದೆ. ರಕ್ತ ತೆಗೆಯುವ ಗೋಜಿಲ್ಲ, ಒಂದೆರಡು ಗಂಟೆಯಲ್ಲಿ ಚಿತ್ರ ಸಿಗುತ್ತದೆ. ಆದರೆ ಈ ಕುರಿತ ಅಧ್ಯಯನಗಳು ಬಹುತೇಕ ಸಣ್ಣವು.

ರಸ್ತೆಯೂ ಮುಖ್ಯ: ಮುಂಬೈಯಿಂದ ನಾಸಿಕ್ ಸುಮಾರು 170 ಕಿ.ಮೀ., ಸಂಭಾಜಿನಗರ ಹೆಚ್ಚುಕಡಿಮೆ ಅದರ ಇಮ್ಮಡಿ ದೂರ. ಪೆಟ್ ಸ್ಕ್ಯಾನ್‌ಗೆ ಬೇಕಾದ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಮುಂಬೈಯಲ್ಲಿ ತಯಾರಿಸಿ ತರಿಸುವುದಾದರೆ ಮೂರೂಮುಕ್ಕಾಲು ಗಂಟೆಯಲ್ಲಿ ಕಾಲು ಭಾಗ, ಐದೂವರೆ ಗಂಟೆಯಲ್ಲಿ ಎಂಟನೇ ಒಂದು ಭಾಗ ಮಾತ್ರ ಉಳಿದಿರುತ್ತದೆ. 2025ರ ಜೂನ್‌ನಲ್ಲಿ ಪೂರ್ತಿ ಸಂಚಾರಕ್ಕೆ ತೆರೆದ ಸಮೃದ್ಧಿ ಹೆದ್ದಾರಿ ಉಳಿಸುವ ಸಮಯಕ್ಕೆ ಹೀಗಾಗಿಯೇ ಬೆಲೆಯಿದೆ. ಟೆಕ್ನೀಷಿಯಂಗೆ ಈ ಅವಸರವಿಲ್ಲ. ಅದರ ಆಯಸ್ಸು ಅರ್ಧವಾಗಲು ಆರು ಗಂಟೆ ಸಾಕಾದರೂ, ಅದನ್ನು ಹುಟ್ಟಿಸುವ ಮಾಲಿಬ್ಡಿನಂ-99 ಅರ್ಧವಾಗಲು 66 ಗಂಟೆ ಬೇಕು. ಜನರೇಟರ್ ತರಿಸಿಕೊಂಡರೆ ಆಸ್ಪತ್ರೆಯಲ್ಲೇ ಸುಮಾರು ಒಂದು ವಾರ ನಿತ್ಯ ಹಿಂಡಿಕೊಳ್ಳಬಹುದು. ಮಹಾನಗರಗಳಿಂದ ದೂರವಿರುವ ಬೀದರ್, ಕಲಬುರಗಿಯಂಥ ಊರುಗಳಿಗೂ ಇದೇ ಲೆಕ್ಕ.

ರೋಗಿಗಳು ಗಮನಿಸಬೇಕಾದದ್ದು: ಯಾವ ಸ್ಕ್ಯಾನ್ ಕೂಡ ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ಕೀಲಿನೊಳಗಿನ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವುದು ಈಗಲೂ ಮುಖ್ಯ. ನೋವೆಂದು ಔಷಧದ ಅಂಗಡಿಯಿಂದ ತಾವೇ ಆ್ಯಂಟಿಬಯೋಟಿಕ್ ತಂದು ನುಂಗಿದರೆ ಆ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ವರದಿ ದಾರಿ ತಪ್ಪಬಹುದು. ಈಗಾಗಲೇ ತೆಗೆದುಕೊಂಡಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಸಾಧ್ಯವಿದ್ದಲ್ಲಿ ಅವರು ಔಷಧ ನಿಲ್ಲಿಸಿ ಕನಿಷ್ಠ ಎರಡು ವಾರ ಕಾದು ದ್ರವ ತೆಗೆಯುತ್ತಾರೆ. ಕೆಲವು ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವ ಕಾರಣ ಪ್ರಯೋಗಾಲಯದ ಅಂತಿಮ ವರದಿಗೆ 14 ದಿನ ಹಿಡಿಯಬಹುದು.