ಅಂಬಾಸಡರ್‌ಗೊಂದು ರೋಲು

ಬೆಂಗಳೂರು–ಮೈಸೂರು ಹೆದ್ದಾರಿಯ ಸುದ್ದಿ ಓದಿದವರಿಗೆಲ್ಲ ನಮ್ಮೂರಿನ ಹೆಸರು ಗೊತ್ತು. ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿ.ಮೀ. ಮೊದಲ ಹಂತ, ನಿಡಘಟ್ಟದಿಂದ ಮೈಸೂರಿಗೆ 61 ಕಿ.ಮೀ. ಎರಡನೇ ಹಂತ. 2023ರ ಮಾರ್ಚ್‌ನಲ್ಲಿ ರಸ್ತೆ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯರಸ್ತೆ ಬಂದ್ ಆಯಿತು. ಈಗ ಬೇಲಿಯ ಆಚೆ ಹೊಸ ಕಾರುಗಳು ಸುಂಯ್ ಅಂತ ಹೋಗುತ್ತವೆ. ಈಚೆ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಹಾಲಿನ ವ್ಯಾನು, ಲೂನಾ, ಎತ್ತಿನಗಾಡಿ ನಿಧಾನವಾಗಿ ಸಾಗುತ್ತವೆ. ವಾಹನಗಳ ಫೋಟೊ ತೆಗೆಯುವ ಹುಚ್ಚಿರುವ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಬಿ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಕೈಖರ್ಚಿಗೆ ಮದ್ದೂರು, ಮಂಡ್ಯ ಕಡೆಯ ಸೆಕೆಂಡ್ ಹ್ಯಾಂಡ್ ಕಾರು ಮಾರುವವರಿಗೆ ಫೋಟೊ ತೆಗೆದುಕೊಡುತ್ತೇನೆ. ಅವರಿಗೆ ಬೇಕಾದದ್ದು ಇಷ್ಟೇ: ಮುಂದೆ, ಹಿಂದೆ, ಎರಡು ಬದಿ, ಒಳಗಿನ ಸೀಟು, ಮೀಟರ್, ಟೈರು. ಗೀರು ಕಾಣಬಾರದು, ಬಾಗಿಲ ಮೇಲೆ ಯಾರ ನೆರಳೂ ಬೀಳಬಾರದು. ಈ ಕೆಲಸವೇ ನನಗೆ ಒಂದು ವಿಷಯ ಕಲಿಸಿತು. ಕಾರಿನ ಮೈ ಒಂದು ಕನ್ನಡಿ. ನಾವು ಕಾರಿನ ಫೋಟೊ ತೆಗೆಯುತ್ತಿದ್ದೇವೆ ಅಂದುಕೊಳ್ಳುತ್ತೇವೆ, ಆದರೆ ಹೆಚ್ಚಿನ ಪಾಲು ಸೆರೆಯಾಗುವುದು ಅದರ ಮೇಲೆ ಬಿದ್ದ ಆಕಾಶ, ಮರ, ಮನುಷ್ಯರು. ಮಾರಾಟದ ಫೋಟೊದಲ್ಲಿ ಅವನ್ನೆಲ್ಲ ಅಳಿಸಬೇಕು. ಕಲೆಯ ಫೋಟೊದಲ್ಲಿ ಅವೇ ಜೀವಾಳ.

ಈ ಕಲೆ ಇವತ್ತಿನದಲ್ಲ. 1910ರ ದಶಕದಲ್ಲಿ ಫ್ರಾನ್ಸ್‌ನ ಹುಡುಗ ಜಾಕ್ ಆನ್ರಿ ಲಾರ್ತೀಗ್ ಒಂದು ರೇಸ್ ಕಾರಿನ ಚಿತ್ರ ತೆಗೆದ. ಅದರಲ್ಲಿ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿದೆ, ರಸ್ತೆ ಬದಿಯ ಜನ ಹಿಂದಕ್ಕೆ ವಾಲಿದ್ದಾರೆ. ಕ್ಯಾಮೆರಾದ ಷಟರ್ ಇಡೀ ಫಿಲ್ಮಿಗೆ ಒಟ್ಟಿಗೆ ಬೆಳಕು ಬಿಡದೆ, ಸಣ್ಣ ಸೀಳಿನಂತೆ ಸರಿಯುತ್ತಾ ಬಿಡುತ್ತಿತ್ತು. ಅಷ್ಟರಲ್ಲಿ ಕಾರು ಮುಂದೆ ಹೋಗಿರುತ್ತಿತ್ತು. ಓಡುವ ಬಸ್ಸಿನ ಕಿಟಕಿಯಿಂದ ಮೊಬೈಲಿನಲ್ಲಿ ಫೋಟೊ ತೆಗೆದು ನೋಡಿ, ಕರೆಂಟ್ ಕಂಬಗಳು ವಾಲಿರುತ್ತವೆ. ಕಾರಣ ಹೆಚ್ಚುಕಡಿಮೆ ಅದೇ. 1963ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ಲಾರ್ತೀಗ್ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಆಗ ಅವರಿಗೆ 70ರ ಹತ್ತಿರ ವಯಸ್ಸು.

ನಮ್ಮ ದೇಶದವರೇ ಆದ ರಘುಬೀರ್ ಸಿಂಗ್ ನನಗೆ ಇನ್ನೂ ಹತ್ತಿರ. ಜೈಪುರದಲ್ಲಿ ಹುಟ್ಟಿದ ಅವರು ಕಲರ್ ಫಿಲ್ಮಿನಲ್ಲಿ ಭಾರತವನ್ನು ಸುತ್ತಿದವರು. ಅವರ ಒಂದು ಇಡೀ ಚಿತ್ರಮಾಲೆ ಅಂಬಾಸಡರ್ ಕಾರಿನದು. ಅದರ ಕಿಟಕಿ, ಕನ್ನಡಿ, ಬಾಗಿಲುಗಳನ್ನೇ ಚೌಕಟ್ಟು ಮಾಡಿಕೊಂಡು ಊರು, ರಸ್ತೆ, ಜನರನ್ನು ತೋರಿಸಿದರು. 1999ರಲ್ಲಿ ಅವರು ತೀರಿಕೊಂಡರು. ಆ ಚಿತ್ರಗಳು 2002ರಲ್ಲಿ ‘ಎ ವೇ ಇನ್‌ಟು ಇಂಡಿಯಾ’ ಎಂಬ ಪುಸ್ತಕವಾಗಿ ಬಂದವು.

ಅಂಬಾಸಡರ್ ಅಂದಾಗ ನಮ್ಮ ಮನೆಯ ಮಾತು ಹೇಳಲೇಬೇಕು. ಅಪ್ಪ ಬಾಡಿಗೆಗೆ ಓಡಿಸುತ್ತಿದ್ದದ್ದು ಬಿಳಿ ಅಂಬಾಸಡರ್. ಊರಿನ ಎಷ್ಟೋ ಮದುವೆ ಹೆಣ್ಣುಗಳು, ಎಷ್ಟೋ ಬಾಣಂತಿಯರು ಅದರಲ್ಲೇ ಬಂದವರು. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಆಮೇಲೆ ಬಿಡಿಭಾಗ ಸಿಗುವುದು ಕಷ್ಟವಾಯಿತು, ಬಾಡಿಗೆ ಕಡಿಮೆಯಾಯಿತು. ಹೋದ ವರ್ಷ ಅಪ್ಪ ಅದನ್ನು ಗುಜರಿಗೆ ಕೊಡಲು ಮಾತಾಡಿ ಮುಂಗಡ ತಗೊಂಡರು. ಸೋಮವಾರ ಒಯ್ಯುತ್ತೇವೆ ಅಂದರು. ನನಗಿದ್ದದ್ದು ಭಾನುವಾರದ ಒಂದು ಬೆಳಗ್ಗೆ.

ನನ್ನ ಹತ್ತಿರ ಒಂದು ಡಿಜಿಟಲ್ ಕ್ಯಾಮೆರಾ ಇದೆ. ಮದ್ದೂರಿನ ಸ್ಟುಡಿಯೊದವರೊಬ್ಬರು ಕಡಿಮೆ ಬೆಲೆಗೆ ಕೊಟ್ಟ ಹಳೆಯ ಯಾಶಿಕಾ ಕೂಡ ಇದೆ. ಅದಕ್ಕೆ ಫಿಲ್ಮ್ ರೋಲು, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿ ಸಾವಿರ ರೂಪಾಯಿ ದಾಟುತ್ತದೆ, ಸಿಗುವುದು 36 ಚಿತ್ರ. ಅಭ್ಯಾಸಕ್ಕೆ ಡಿಜಿಟಲ್ಲೇ ಸರಿ. ನೂರು ಸಲ ತೆಗೆದರೂ ಖರ್ಚಿಲ್ಲ, ಏನಾಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಆದರೆ ಹೊಳೆಯುವ ಬಂಪರ್ ಮೇಲೆ ಬೆಳಕು ಮಿತಿ ಮೀರಿದರೆ ಡಿಜಿಟಲ್‌ನಲ್ಲಿ ಅಲ್ಲಿ ಬರೀ ಬಿಳಿ ಕಲೆ ಉಳಿಯುತ್ತದೆ, ಮತ್ತೆ ತರಲಾಗದು. ನೆಗೆಟಿವ್ ಫಿಲ್ಮ್ ಅದನ್ನು ಎಷ್ಟೋ ತಡೆದುಕೊಳ್ಳುತ್ತದೆ, ಹೊಳಪು ಮೆಲ್ಲಗೆ ಕರಗುತ್ತದೆ. ಫಿಲ್ಮಿನ ಕಷ್ಟ ನೆರಳಿನಲ್ಲಿ. ಅಲ್ಲಿ ಬೆಳಕು ಸಾಲದಿದ್ದರೆ ಏನೂ ದಾಖಲಾಗುವುದಿಲ್ಲ. ಆದ್ದರಿಂದ ಡಿಜಿಟಲ್‌ನಲ್ಲಿ ಹೊಳಪು ನೋಡಿಕೊಂಡು, ಫಿಲ್ಮಿನಲ್ಲಿ ನೆರಳು ನೋಡಿಕೊಂಡು ಬೆಳಕು ಅಳೆಯಬೇಕು. ಬಿಳಿ ಕಾರಿಗೆ ಇನ್ನೊಂದು ಎಚ್ಚರ: ಮೀಟರ್ ಎಲ್ಲವನ್ನೂ ಬೂದು ಬಣ್ಣವೆಂದೇ ಲೆಕ್ಕ ಹಾಕುತ್ತದೆ. ಅದು ತೋರಿಸಿದ್ದಕ್ಕಿಂತ ಒಂದೂವರೆ ಸ್ಟಾಪ್‌ನಷ್ಟು ಬೆಳಕು ಹೆಚ್ಚಿಸಿದರೆ ಬಿಳಿ ಬಿಳಿಯಾಗಿ ಬರುತ್ತದೆ.

ಒಂದು ರೋಲು ಪೂರ್ತಿ ಈ ಕಾರಿಗೇ ಅಂತ ಹೇಳಿದಾಗ ಅಪ್ಪ ನಕ್ಕರು. ‘ಗುಜರಿಗೆ ಹೋಗೋ ಗಾಡಿಗೆ ಎಂಥ ಫೋಟೊನವ್ವ? ಆ ದುಡ್ಡಲ್ಲಿ ಪರೀಕ್ಷೆ ಅರ್ಜಿನಾರ ಹಾಕು’ ಅಂದರು. ಆದರೆ ಭಾನುವಾರ ನಾನು ಏಳುವ ಹೊತ್ತಿಗೆ ಕಾರು ತೊಳೆದು ಒರೆಸಿ ನಿಲ್ಲಿಸಿದ್ದರು.

ಕಬ್ಬಿನ ಗದ್ದೆಯ ಪಕ್ಕಕ್ಕೆ ಕಾರು ತಂದು ನಿಲ್ಲಿಸಿದೆವು. ಬಿಸಿಲು ಇನ್ನೂ ಓರೆಯಾಗಿತ್ತು. ಅಪ್ಪನ ಕೈ ತಾಗಿ ತಾಗಿ ನುಣುಪಾದ ಸ್ಟೇರಿಂಗ್, ಹೊಲಿಗೆ ಬಿಟ್ಟ ಹಿಂದಿನ ಸೀಟು, ಡ್ಯಾಶ್‌ಬೋರ್ಡಿನ ಮೇಲೆ ದೇವರ ಫೋಟೊ ಅಂಟಿಸಿದ್ದ ಗುರುತು, ದುಂಡು ಹೆಡ್‌ಲೈಟು. ಒಂದೊಂದಕ್ಕೂ ಐದು ನಿಮಿಷ ನೋಡಿ, ಒಂದೇ ಸಲ ಕ್ಲಿಕ್ ಮಾಡಿದೆ. ಕೊನೆಯ ಕೆಲವು ಚಿತ್ರಗಳನ್ನು ಬಾನೆಟ್‌ಗೆ ಮೀಸಲಿಟ್ಟೆ.

ರೋಲು ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಕಾರು ಹೋಗಿತ್ತು. ಬಾನೆಟ್ಟಿನ ಒಂದು ಚಿತ್ರ ಪ್ರಿಂಟ್ ಹಾಕಿಸಿ ಅಪ್ಪನ ಕೈಗೆ ಕೊಟ್ಟೆ. ಅದರಲ್ಲಿ ಕಬ್ಬಿನ ಸಾಲು, ಆಕಾಶ, ಬಟ್ಟೆ ಹಿಡಿದು ನಿಂತ ಅಪ್ಪನ ಬಿಂಬ ಎಲ್ಲ ಬಾಗಿವೆ. ‘ಕಾರೆಲ್ಲವ್ವ ಇದ್ರಲ್ಲಿ?’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಬಿಂಬದಲ್ಲಿ ತಮ್ಮ ಭುಜ ಮುರಿದಂತೆ ಕಾಣುವ ಜಾಗಕ್ಕೆ ಬೆರಳಿಟ್ಟು, ‘ಇಲ್ಲಿ ನೆಗ್ಗಿತ್ತು ಕಣವ್ವ. ಸಂತೇಲಿ ಎತ್ತು ಗುದ್ದಿದ್ದು’ ಅಂದರು. ಆಮೇಲೆ ಅವತ್ತಿನ ಕತೆ ಪೂರ್ತಿ ಹೇಳಿದರು. ಅದುವರೆಗೆ ನಾನು ಕೇಳಿರಲಿಲ್ಲ. ಆ ಪ್ರಿಂಟು ಈಗ ನಮ್ಮ ನಡುಮನೆಯಲ್ಲಿದೆ.

ಇದನ್ನು ಓದಿ ಯಾರಿಗಾದರೂ ಆಸೆ ಹುಟ್ಟಿದರೆ ನಾಲ್ಕು ಮಾತು. ದುಬಾರಿ ಕಾರೂ ಬೇಡ, ದುಬಾರಿ ಕ್ಯಾಮೆರಾವೂ ಬೇಡ. ಸೂರ್ಯ ಹುಟ್ಟುವ, ಮುಳುಗುವ ಹೊತ್ತು ಸಾಕು. ಪೋಲರೈಸರ್ ಫಿಲ್ಟರ್ ಗಾಜು ಮತ್ತು ಬಣ್ಣದ ಮೇಲಿನ ಹೊಳಪು ಕಡಿಮೆ ಮಾಡುತ್ತದೆ, ಆದರೆ ಬರೀ ಕ್ರೋಮ್ ಮೇಲಿನದನ್ನು ಅಲ್ಲ. ಓಡುವ ಗಾಡಿಯ ಜೊತೆ ಕ್ಯಾಮೆರಾ ತಿರುಗಿಸುತ್ತಾ ಸೆಕೆಂಡಿನ 1/30 ವೇಗದಲ್ಲಿ ತೆಗೆದರೆ ಗಾಡಿ ಸ್ಪಷ್ಟವಾಗಿ, ಹಿನ್ನೆಲೆ ಎಳೆ ಎಳೆಯಾಗಿ ಬರುತ್ತದೆ. ಇದನ್ನು ಸರ್ವಿಸ್ ರಸ್ತೆಯ ಅಂಚಿನಲ್ಲಿ ಕಲಿಯಿರಿ, ಹೆದ್ದಾರಿಗೆ ಇಳಿಯಬೇಡಿ. ಹಳೆಯ ಕಾರುಗಳನ್ನು ನೋಡಲು ಶ್ರೀರಂಗಪಟ್ಟಣದ ಬಳಿ ‘ಪಯಣ’ ಮ್ಯೂಸಿಯಂ ಇದೆ. ಓದಿಯೇ ಕಲಿಯಬೇಕು ಅನ್ನುವವರಿಗೆ ಮೈಸೂರಿನ ಕಾವಾ ಕಾಲೇಜಿನಲ್ಲಿ ಛಾಯಾಚಿತ್ರ ವಿಭಾಗವಿದೆ. ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ.

ಇದರಿಂದ ಹೊಟ್ಟೆ ತುಂಬುತ್ತದೆಯೇ ಅಂತ ಕೇಳಿದರೆ ನನ್ನದು ಇನ್ನೂ ತುಂಬಿಲ್ಲ. ಬ್ಯಾಂಕ್ ಪರೀಕ್ಷೆಯ ಪುಸ್ತಕ ಮುಚ್ಚಿಟ್ಟಿಲ್ಲ. ಕಬ್ಬು ಕಡಿಯುವ ಕಾಲ ಬರುತ್ತಿದೆ. ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆ ಕಡೆಗೆ ಟ್ರ್ಯಾಕ್ಟರುಗಳ ಸಾಲು ಶುರುವಾಗುತ್ತದೆ. ಅದಕ್ಕೆಂದು ಇನ್ನೊಂದು ರೋಲು ತಂದಿಟ್ಟಿದ್ದೇನೆ. ದುಡ್ಡು ಕೊಟ್ಟದ್ದು ಅಪ್ಪ.