ಬಿಸಿಲನ್ನು ಕೂಡಿಡುವ ಮಣ್ಣಿನ ಮನೆ

ಬೇಸಗೆಯ ನಡುಹಗಲಿನಲ್ಲಿ ದಪ್ಪ ಮಣ್ಣುಗೋಡೆಯ ಹಳೆಯ ಮನೆಯನ್ನು ಹೊಕ್ಕವರಿಗೆ ಒಡನೆಯೆ ತಂಪಿನ ಅನುಭವವಾಗುತ್ತದೆ. ಅದೇ ಗೋಡೆಯನ್ನು ರಾತ್ರಿ ಊಟವಾದ ಮೇಲೆ ಒಳಗಿನಿಂದ ಮುಟ್ಟಿ ನೋಡಿದರೆ ತುಸು ಬೆಚ್ಚಗಿರುತ್ತದೆ. ಹಗಲು ಹೊರಮೈಮೇಲೆ ಬಿದ್ದ ಬಿಸಿಲು ಮೆಲ್ಲಮೆಲ್ಲನೆ ನಡೆದು ಈಗ ಒಳಗೆ ಬಂದಿದೆ. ನಮ್ಮ ಬಯಲುಸೀಮೆಯಲ್ಲಿ ಇದು ಸಣ್ಣ ಸಂಗತಿ. ಆದರೆ ಚಳಿಗಾಲದ ರಾತ್ರಿ ಉಷ್ಣತೆಯು ಸೊನ್ನೆಗಿಂತ 20 ಡಿಗ್ರಿ ಕೆಳಗೂ ಇಳಿಯಬಲ್ಲ ಲಡಾಖಿನಲ್ಲಿ, ಜನರ ಆರೋಗ್ಯವೂ ಮಕ್ಕಳ ಓದೂ ಇದೇ ಸಂಗತಿಯನ್ನು ಅವಲಂಬಿಸಬಹುದು.

ಲಡಾಖಿನ ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3500 ಮೀಟರ್ ಎತ್ತರದಲ್ಲಿದೆ. ಮಳೆ ಅತ್ಯಲ್ಪ, ಆದುದರಿಂದ ಕಾಡಿಲ್ಲ, ಸೌದೆಯಿಲ್ಲ. ಒಣಗಿಸಿದ ಸಗಣಿಯನ್ನೊ, ಬೆಟ್ಟಗಳನ್ನು ದಾಟಿಸಿ ತಂದ ಎಣ್ಣೆಯನ್ನೊ ಉರಿಸಬೇಕು. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆಯನ್ನು ಕಣ್ಣೂ ಶ್ವಾಸಕೋಶವೂ ಸಹಿಸಬೇಕು. ಆದರೆ ಪ್ರಕೃತಿ ಅಲ್ಲಿ ಒಂದನ್ನು ಧಾರಾಳವಾಗಿ ಕೊಟ್ಟಿದೆ: ತೆಳುವಾದ ನಿರ್ಮಲ ವಾಯುವಿನ ಮೂಲಕ ಚಳಿಗಾಲದಲ್ಲಿಯೂ ಬೀಳುವ ಪ್ರಖರವಾದ ಬಿಸಿಲು.

ಸೋನಮ್ ವಾಂಗ್‌ಚುಕ್ ಮತ್ತು ಅವರ ಜೊತೆಯ ಯುವಕರು 1988ರಲ್ಲಿ ಸ್ಥಾಪಿಸಿದ ‘ಸೆಕ್ಮೋಲ್’ ಎಂಬ ವಿದ್ಯಾಸಂಸ್ಥೆ, ಲೇಹ್ ಸಮೀಪದ ಫೇ ಎಂಬಲ್ಲಿ ಈ ಬಿಸಿಲನ್ನೇ ನೆಚ್ಚಿ ತನ್ನ ಕಟ್ಟಡಗಳನ್ನು ಕಟ್ಟಿಕೊಂಡಿತು. ಅಚ್ಚಿನೊಳಗೆ ಮಣ್ಣನ್ನು ಪದರಪದರವಾಗಿ ಸುರಿದು ದಮ್ಮಸು ಮಾಡಿ ಎಬ್ಬಿಸಿದ ಗೋಡೆಗಳವು. ಅಲ್ಲಿನ ಮುಖ್ಯ ಕಟ್ಟಡಕ್ಕೆ 2016ರಲ್ಲಿ ಮಣ್ಣಿನ ವಾಸ್ತುಶಿಲ್ಪದ ಅಂತರರಾಷ್ಟ್ರೀಯ ‘ಟೆರಾ’ ಪ್ರಶಸ್ತಿ ಸಂದಿತು. ಇಂಥ ಮನೆಗೆ ನಿಷ್ಕ್ರಿಯ ಸೌರಗೃಹವೆಂದು ಹೆಸರು. ನೀರೆತ್ತುವ ಪಂಪಾಗಲಿ ಗಾಳಿ ಬೀಸುವ ಯಂತ್ರವಾಗಲಿ ಇಲ್ಲದೆ, ಮನೆಯೇ ಶಾಖವನ್ನು ಹಿಡಿದು, ಕೂಡಿಟ್ಟು, ಹಂಚುವುದೆಂಬುದು ಇದರ ಅರ್ಥ. ಈ ಮೂರು ಕೆಲಸಗಳು ನಡೆಯುವ ಬಗೆಯನ್ನು ನೋಡೋಣ.

ಹಿಡಿಯುವುದು

ಲೇಹ್ ಇರುವುದು ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ಅಲ್ಲಿ ದಕ್ಷಿಣ ದಿಗಂತದಿಂದ ಸುಮಾರು 32 ಡಿಗ್ರಿ ಮಾತ್ರ ಮೇಲಿರುತ್ತಾನೆ. ಜೂನ್ 21ರಂದು ಸುಮಾರು 79 ಡಿಗ್ರಿ. ಆದುದರಿಂದ ದಕ್ಷಿಣಕ್ಕೆ ದೊಡ್ಡ ಗಾಜಿನ ಕಿಟಕಿಯಿಟ್ಟರೆ ಚಳಿಗಾಲದ ಓರೆ ಬಿಸಿಲು ಕೋಣೆಯ ಆಳದವರೆಗೂ ಬರುತ್ತದೆ. ಬೇಸಗೆಯ ನೆತ್ತಿಬಿಸಿಲನ್ನು ಒಂದು ಚಿಕ್ಕ ಸೂರೇ ತಡೆಯುತ್ತದೆ. ಸೆಕ್ಮೋಲಿನಲ್ಲಿ ಚಳಿಗಾಲ ಬಂದೊಡನೆ ದಕ್ಷಿಣದ ಮುಖಕ್ಕೆ ಪ್ಲಾಸ್ಟಿಕ್ ಹಾಳೆಯ ಹಸುರುಮನೆಯನ್ನು ಹೊಂದಿಸಿ, ಬೇಸಗೆಯಲ್ಲಿ ತೆಗೆದುಬಿಡುತ್ತಾರೆ.

ಒಳಗೆ ಬಂದ ಬೆಳಕು ನೆಲವನ್ನೂ ಗೋಡೆಯನ್ನೂ ಕಾಯಿಸುತ್ತದೆ. ಕಾದ ಮೈ ಹೊರಸೂಸುವ ವಿಕಿರಣದ ಅಲೆಯುದ್ದ ಸುಮಾರು 10 ಮೈಕ್ರಾನ್. ಬೆಳಕಿಗೆ ದಾರಿ ಬಿಡುವ ಗಾಜು ಇದಕ್ಕೆ ಬಿಡುವುದಿಲ್ಲ. ಆದರೆ ಗಾಜಿನ ದೊಡ್ಡ ಉಪಕಾರ ಬೇರೆಯದು. ಬಿಸಿಗಾಳಿ ಹೊರಗೆ ಹರಿದುಹೋಗದಂತೆ ಅದು ತಡೆಯುತ್ತದೆ. ಹಸುರುಮನೆ ಬೆಚ್ಚಗಿರಲು ಇದೇ ಮುಖ್ಯ ಕಾರಣವೆಂದು ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ 1909ರಲ್ಲಿಯೇ ಒಂದು ಸರಳ ಪ್ರಯೋಗದಿಂದ ವಾದಿಸಿದ್ದರು.

ಕೂಡಿಡುವುದು

ಒಂದು ಘನ ಮೀಟರ್ ದಮ್ಮಸು ಮಣ್ಣಿನ ತೂಕ ಸುಮಾರು 2000 ಕಿಲೋಗ್ರಾಂ. ಅದು 5 ಡಿಗ್ರಿ ತಣ್ಣಗಾದರೆ ಬಿಟ್ಟುಕೊಡುವ ಶಾಖ ಸುಮಾರು 90 ಲಕ್ಷ ಜೂಲ್. ಅಂದರೆ 1000 ವಾಟಿನ ವಿದ್ಯುತ್ ಒಲೆಯನ್ನು ಎರಡೂವರೆ ಗಂಟೆ ಉರಿಸಿದಷ್ಟು! ಅಷ್ಟೇ ಗಾತ್ರದ ಗಾಳಿಯಲ್ಲಿ ಇದರ ಸಾವಿರದಲ್ಲೊಂದು ಪಾಲೂ ಹಿಡಿಸದು.

ಎರಡನೆಯ ಗುಣ ಇನ್ನೂ ಸ್ವಾರಸ್ಯವಾದುದು. ಹೊರಮೈಯ ಉಷ್ಣತೆ ಹಗಲಿನಲ್ಲಿ ಏರಿ ರಾತ್ರಿಯಲ್ಲಿ ಇಳಿಯುವುದರಿಂದ ಗೋಡೆಯೊಳಗೆ ಒಂದು ಶಾಖದ ಅಲೆ ಸಾಗುತ್ತದೆ. ಲೆಕ್ಕ ಹಾಕಿದರೆ, 30 ಸೆಂಟಿಮೀಟರ್ ದಪ್ಪದ ಮಣ್ಣನ್ನು ದಾಟಲು ಈ ಅಲೆಗೆ ಸುಮಾರು 10 ಗಂಟೆ ಬೇಕಾಗುತ್ತದೆ. ದಾಟುವಷ್ಟರಲ್ಲಿ ಅದರ ಏರಿಳಿತ ಹತ್ತರಲ್ಲೊಂದು ಭಾಗಕ್ಕೂ ಕಡಮೆಯಾಗಿರುತ್ತದೆ. ಮಧ್ಯಾಹ್ನದ ಶಾಖ ನಡುರಾತ್ರಿಗೆ ಒಳಗೆ ತಲಪುವ ಗುಟ್ಟು ಇದೇ.

ಕಾಯುವುದು

ಇಲ್ಲಿ ಅನೇಕರು ಎಡವುತ್ತಾರೆ. ಮಣ್ಣು ಶಾಖದ ಒಳ್ಳೆಯ ಉಗ್ರಾಣವೇ ಹೊರತು ಒಳ್ಳೆಯ ತಡೆಯಲ್ಲ. ಒಣಹುಲ್ಲಿಗೆ ಹೋಲಿಸಿದರೆ ಅದರ ಉಷ್ಣವಾಹಕತೆ ಹತ್ತು ಪಟ್ಟಿಗೂ ಹೆಚ್ಚು. ಆದುದರಿಂದ ಬಿಸಿಲೇ ಕಾಣದ ಉತ್ತರದ ಗೋಡೆಗೂ ಮಾಡಿಗೂ ಹುಲ್ಲು, ಮರದ ಹೊಟ್ಟು ಮುಂತಾದ ಗಾಳಿ ತುಂಬಿದ ಹಗುರ ವಸ್ತುಗಳ ಹೊದಿಕೆ ಅವಶ್ಯ. ಉಗ್ರಾಣ ಒಳಗೆ, ಕಂಬಳಿ ಹೊರಗೆ ಎಂಬುದೇ ನಿಯಮ. ಹೀಗೆ ಕಟ್ಟಿದ ಕೋಣೆಗಳು ಹೊರಗೆ ನೀರು ಹೆಪ್ಪುಗಟ್ಟುತ್ತಿರುವಾಗಲೂ ಬೆಂಕಿಯಿಲ್ಲದೆಯೆ ಓದಿಗೆ ತಕ್ಕಷ್ಟು ಬೆಚ್ಚಗಿರುತ್ತವೆ.

ಮಣ್ಣಿನ ವೈರಿ ನೀರು, ಇದನ್ನು ಮರೆಮಾಚಲಾಗದು. 2010ರ ಆಗಸ್ಟಿನಲ್ಲಿ ಲೇಹ್‌ನಲ್ಲಿ ಮೇಘಸ್ಫೋಟವಾಗಿ ಪ್ರವಾಹ ನುಗ್ಗಿದಾಗ ಅನೇಕ ಮಣ್ಣಿನ ಮನೆಗಳು ಕುಸಿದುವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕಲ್ಲಿನ ಎತ್ತರವಾದ ತಳಪಾಯ, ಗೋಡೆಯನ್ನು ಮಳೆಯಿಂದ ಕಾಯುವ ಚಾಚುಮಾಡು, ಭೂಕಂಪವನ್ನು ತಡೆಯುವ ಪಟ್ಟಿಕಟ್ಟು ಇವು ಇದ್ದರೆ ಮಾತ್ರ ಮಣ್ಣಿನ ಮನೆ ನಂಬಿಕೆಗೆ ಅರ್ಹ. ನೀರು ಹರಿಯುವ ಜಾಡನ್ನು ಬಿಟ್ಟು ನಿವೇಶನವನ್ನು ಆರಿಸಬೇಕಾದುದು ಅದಕ್ಕಿಂತ ಮೊದಲಿನ ಮಾತು. ಹಾಗೆಂದು ಸಿಮೆಂಟೇ ಗತಿ ಎನ್ನುವಂತಿಲ್ಲ. ಅದನ್ನು ತಯಾರಿಸಲು ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಯವರೆಗೆ ಕಾಯಿಸಬೇಕು; ಇಂಧನದ ಹೊಗೆಯ ಜೊತೆಗೆ ಕಲ್ಲಿನಲ್ಲಿದ್ದ ಇಂಗಾಲದ ಡೈಆಕ್ಸೈಡೂ ಹೊರಬರುತ್ತದೆ.

ನಮಗೇನು ಪಾಠ?

ಲಡಾಖಿನ ಮನೆಯನ್ನು ಹಾಗೆಯೇ ತಂದು ಬೆಂಗಳೂರಿನಲ್ಲಿ ನಿಲ್ಲಿಸಿದರೆ ಅದು ಕುಲುಮೆಯಾದೀತು. ಸುಮಾರು 13 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆಯೇ ಬರುತ್ತಾನೆ. ಇಲ್ಲಿ ಅದೇ ಭೌತವಿಜ್ಞಾನವನ್ನು ತಿರುವುಮುರುವಾಗಿ ಬಳಸಬೇಕು: ಹಗಲು ಗೋಡೆಗೆ ನೆರಳು, ರಾತ್ರಿ ಕಿಟಕಿಗೆ ತಂಗಾಳಿ. ಮೈತುಂಬ ಗಾಜು ಹೊದ್ದು, ಒಳಗೆ ಸೇರಿದ ಶಾಖವನ್ನು ಯಂತ್ರಗಳಿಂದ ಹೊರದೂಡುವ ನಮ್ಮ ನಗರಗಳ ಕಟ್ಟಡಗಳು ಈ ಪಾಠವನ್ನು ಮರೆತಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವಾದರೋ ಮಣ್ಣಿಗೆ ತುಸುವೇ ಸಿಮೆಂಟು ಬೆರಸಿ ಯಂತ್ರದಲ್ಲಿ ಒತ್ತಿ, ಸುಡದೆಯೆ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿ ನಮ್ಮ ನಾಡಿಗೆ ಒಪ್ಪುವ ದಾರಿಯನ್ನು ತೋರಿತು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಬಿಸಿಲು ಬೀಳುವ ಗೋಡೆಯೊಂದರ ಒಳಮೈಗೂ ಹೊರಮೈಗೂ ಒಂದೊಂದು ಉಷ್ಣತಾಮಾಪಕವನ್ನು ತಗುಲಿಸಿ, ಬೆಳಗಿನಿಂದ ನಡುರಾತ್ರಿಯವರೆಗೆ ಗಂಟೆಗೊಮ್ಮೆ ಅಳೆದು ನಕ್ಷೆ ಬರೆಯಿರಿ. ಎರಡು ಶಿಖರಗಳ ನಡುವಣ ಅಂತರವೇ ಗೋಡೆಯ ನೆನಪಿನ ಅವಧಿ. ನಾಳೆ ಮನೆ ಕಟ್ಟಬೇಕಾದವರು ನೀವು. ಅದಕ್ಕೆ ಮೊದಲು ನಿಮ್ಮ ಊರಿನ ಸೂರ್ಯನ ದಾರಿಯನ್ನು ಗುರುತು ಮಾಡಿಕೊಳ್ಳಿರಿ.